ಎಂಟನೇ ಮನೆಯ ದನಿ

ನಾನು ಬೆಳಗ್ಗೆ ಹೆಸರು ಕರೆಯುವುದನ್ನು ಸಂಗೀತವೆಂದು ತಿಳಿದವನು ಈ ಪ್ರಪಂಚದಲ್ಲಿ ರಘು ಒಬ್ಬನೇ. ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಯಾವ ಬ್ಲಾಕಿನಲ್ಲಿ ಎಷ್ಟು ಕುಯ್ಲಾಯಿತು ಎಂದು ಬರೆದಿಡುವವನು. ದಿನಾ ಬೆಳಗ್ಗೆ ಕಣದ ಪಕ್ಕದ ಶೆಡ್ಡಿನ ಮುಂದೆ ಕೆಲಸಗಾರರು ನಿಲ್ಲುತ್ತಾರೆ. ನಾನು ಪುಸ್ತಕ ನೋಡಿ ಹೆಸರು ಕೂಗುತ್ತೇನೆ, ಅವರು ‘ಇದ್ದೇನೆ’ ಎನ್ನುತ್ತಾರೆ. ಇದಕ್ಕೆ ಮಸ್ಟರ್ ಎಂದು ಹೆಸರು. ಇಪ್ಪತ್ತೆರಡು ವರ್ಷ ಹೀಗೆ ಕೂಗಿ ನನಗೆ ಸಿಕ್ಕಿದ್ದು ಒಡೆದ ಗಂಟಲು ಮಾತ್ರ ಅಂದುಕೊಂಡಿದ್ದೆ.

“ನೀವು ಮೂರು ಹೆಸರು ಒಂದೇ ಉಸಿರಲ್ಲಿ ಹೇಳ್ತೀರಿ ರೈಟ್ರೇ. ನಾಲ್ಕನೇದನ್ನ ಜಗ್ಗಿ ಕೂಗ್ತೀರಿ,” ಎಂದು ಅವನು ಒಂದು ದಿನ ನನ್ನ ಮೇಜಿನ ಮೇಲೆ ಬೆರಳಲ್ಲಿ ಬಡಿದು ತೋರಿಸಿದ. “ಲಕ್ಷ್ಮಿ, ದೇವಕಿ, ಪಾಪಮ್ಮ... ಸರೋಓಜ! ಅದೇ ಬೀಟು. ನಮ್ಮಮ್ಮನ ಹೆಸರಿಗೆ ಬಂದು ಬೀಳ್ತದೆ ನೋಡಿ.”

“ಮೇಜು ಮುರೀಬೇಡ ಮಾರಾಯ. ಇದು ಎಸ್ಟೇಟಿಂದು,” ಎಂದೆ.

ಸರೋಜ ಲೈನಿನ ಎಂಟನೇ ಮನೆಯವಳು. ಕೆಲಸಗಾರರಿಗೆ ಕಟ್ಟಿಸಿದ ಒಂದೇ ಸೂರಿನ ಹತ್ತು ಮನೆಗಳ ಸಾಲಿಗೆ ನಾವು ಲೈನು ಎನ್ನುತ್ತೇವೆ. ಅವಳ ಗಂಡ ಮೆಣಸು ಕುಯ್ಯುವಾಗ ಏಣಿ ಜಾರಿ ಬಿದ್ದು ತೀರಿಕೊಂಡಿದ್ದ. ಮಗ ರಘು, ಅವನಿಗಿಂತ ಐದು ವರ್ಷ ಚಿಕ್ಕವಳಾದ ಮಗಳು ಸುಮ. ಮನೆಯಲ್ಲಿ ತಮಿಳು, ಲೈನಿನಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಹುಡುಗನ ನಾಲಿಗೆ ಮೂರಕ್ಕೂ ಪಳಗಿತ್ತು. ಸಣಕಲು ಮೈ, ಭುಜಕ್ಕಿಂತ ದೊಡ್ಡ ಅಂಗಿ, ಕೂದಲಿಗೆ ಯಾವುದೋ ಬಣ್ಣ. ಎದೆಯಿಂದ ಮಾತ್ರ ಮೂರು ಬ್ಲಾಕಿಗೆ ಕೇಳಿಸುವಂಥ ದನಿ ಬರುತ್ತಿತ್ತು. ಅದನ್ನೆಲ್ಲಿ ಇಟ್ಟುಕೊಂಡಿದ್ದಾನೆ ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ಪಿಯುಸಿ ಮುಗಿದ ಮೇಲೆ ಆ ದನಿಗೆ ಒಂದು ಕೆಲಸ ಸಿಕ್ಕಿತು. ನಮ್ಮ ಕಡೆ ಕಾಡಾನೆ ಈಗ ಎಸ್ಟೇಟಿನೊಳಗೇ ಸಂಸಾರ ಹೂಡಿದೆ. ಅಕ್ಕಪಕ್ಕದ ನಾಲ್ಕೈದು ಎಸ್ಟೇಟಿನವರು ಸೇರಿ ಒಂದು ಮೈಕಿನ ಜೀಪು ಇಟ್ಟುಕೊಂಡಿದ್ದಾರೆ. ಆನೆ ಯಾವ ಕಡೆ ಹೋಗುತ್ತಿದೆಯೆಂದು ಕಾವಲಿನವರು ಫೋನಿನಲ್ಲಿ ತಿಳಿಸಿದ ಕೂಡಲೇ ಜೀಪು ಸೈರನ್ ಹಾಕಿಕೊಂಡು ಆ ಕಡೆ ಓಡುತ್ತದೆ. ಮೈಕಿನಲ್ಲಿ ಕೂಗುವವನು ರಘು. “ಕೇಳಿ, ಕೇಳಿ, ಕೇಳಿ. ಆನೆ ಬಂದಿದೆ ಕೇಳಿ. ಕೆಲಸ ಬಿಡಿ, ರಸ್ತೆಗೆ ಬನ್ನಿ.” ಕನ್ನಡದಲ್ಲಿ ಒಮ್ಮೆ, ತಮಿಳಿನಲ್ಲಿ ಒಮ್ಮೆ, ಮಲಯಾಳದಲ್ಲಿ ಒಮ್ಮೆ. ಅವನು ಕೂಗಿದರೆ ಹೆಂಗಸರು ಬಕೆಟ್ ಅಲ್ಲೇ ಬಿಟ್ಟು ಬರುತ್ತಿದ್ದರು. ಆ ದನಿ ಕೇಳಿ ಬದುಕಿದವರು ನಮ್ಮ ಲೈನಿನಲ್ಲೇ ಇಬ್ಬರಿದ್ದಾರೆ, ಅವರಲ್ಲಿ ಪಾಪಮ್ಮ ಒಬ್ಬಳು.

ಜೀಪಿನಿಂದ ಇಳಿದ ಮೇಲೆ ಅವನಿಗೆ ಇನ್ನೊಂದು ಹೆಸರಿತ್ತು, ‘ಎಂಟನೇ ಮನೆ’. ಆ ಹೆಸರಿನಲ್ಲಿ ರ‍್ಯಾಪ್ ಮಾಡುತ್ತಿದ್ದ. ಪೊನ್ನಂಪೇಟೆಯಲ್ಲಿ ಕಾಲೇಜು ಹುಡುಗರ ಒಂದು ಕಾರ್ಯಕ್ರಮದಲ್ಲಿ ಅವನು ಹಾಡಿದ್ದನ್ನು ಯಾರೋ ಫೋನಿನಲ್ಲಿ ಹಿಡಿದು ಬಿಟ್ಟರು. ಅದು ಊರೂರು ಸುತ್ತಿತು. ಆಮೇಲೆ ಮೈಸೂರಿನಿಂದ ಒಬ್ಬರು ಕರೆಸಿಕೊಂಡು ಸರಿಯಾದ ಸ್ಟುಡಿಯೋದಲ್ಲಿ ಅದೇ ಹಾಡನ್ನು ರೆಕಾರ್ಡು ಮಾಡಿಸಿದರು. ಹಾಡು ಜೀಪಿನ ಸೈರನ್ನಿನಿಂದ ಶುರುವಾಗುತ್ತದೆ. ಹಿಂದೆಯೇ ಅವನು ಮೈಕಿನಲ್ಲಿ ಕೂಗುವ ಮಾತು, ಒಂದಕ್ಷರ ಬಿಡದೆ. ಅದಾದ ಮೇಲೆ:

ಆನೆ ಬಂದ್ರೆ ಜೀಪು ಉಂಟು, ಜೀಪಲ್ಲಿ ಮೈಕು ಉಂಟು,
ನಮ್ಮ ಬೆನ್ನು ಮುರಿದ್ರೆ ಕೂಗೋಕೆ ಯಾರುಂಟು?
ಬೆಳಗ್ಗೆ ಹೆಸರು ಕರೀತಾರೆ, ಸಂಜೆಗೆ ಮರೀತಾರೆ,
ಲೈನಲ್ಲಿ ಎಂಟನೇ ಮನೆ, ಕೇಳಿ ಕೇಳಿ ಕೇಳಿ!

‘ಸಂಜೆಗೆ ಮರೀತಾರೆ’ ಎಂದರೆ ನನಗೇ ಬಡಿದದ್ದು. ನಾನು ಮೂತಿ ಊದಿಸಿಕೊಂಡು ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಮೂರನೇ ದಿನ ಯಾವುದೋ ಚಾನೆಲಿನ ಹುಡುಗಿ ಅವನನ್ನು, ನಿಮ್ಮ ಗುರು ಯಾರು ಎಂದು ಕೇಳಿದ್ದನ್ನು ಸುಮ ತನ್ನ ಫೋನಿನಲ್ಲಿ ತೋರಿಸಿದಳು. “ಗುರು ಗಿರು ಯಾರಿಲ್ಲ. ನಮ್ಮ ರೈಟ್ರು ಬೆಳಗ್ಗೆ ಹೆಸರು ಕರೀತಾರಲ್ಲ, ಅಲ್ಲಿಂದ ಕಲ್ತದ್ದು,” ಎಂದು ಇವನು ಹಲ್ಲು ಬಿಟ್ಟುಕೊಂಡು ನಿಂತಿದ್ದ. “ಹುಚ್ಚು ಮುಂಡೇದು,” ಎಂದೆ. ಮರುದಿನ ಮಸ್ಟರಿನಲ್ಲಿ ನಾಲ್ಕನೇ ಹೆಸರನ್ನು ಸ್ವಲ್ಪ ಹೆಚ್ಚೇ ಜಗ್ಗಿ ಕೂಗಿದೆ. ಸರೋಜ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

ಆ ವರ್ಷ ಕುಯ್ಲಿನ ಹೊತ್ತಿಗೆ ಆ ಹಾಡು ಎಲ್ಲರ ಫೋನಿನಲ್ಲೂ ಇತ್ತು. ಕೆಲವರಿಗೆ ಅದೇ ರಿಂಗ್‌ಟೋನ್. ಹೆಂಗಸರು ಫೋನನ್ನು ಕಾಫಿ ಗಿಡದ ಕೊಂಬೆಗೆ ಚೀಲದಲ್ಲಿ ನೇತುಹಾಕಿ, ಹಾಡು ಹಚ್ಚಿಕೊಂಡು ಹಣ್ಣು ಕುಯ್ಯುತ್ತಿದ್ದರು. ಒಂದು ದಿನ ಹತ್ತು ಗಂಟೆಗೆ ಸೈರನ್ ಕೇಳಿಸಿತು, “ಕೇಳಿ ಕೇಳಿ” ಎಂಬ ಕೂಗೂ ಕೇಳಿಸಿತು. ನಾನು ವಿಸಿಲ್ ಊದಿದೆ. ಮೂವತ್ತು ಜನ ಹೆಂಗಸರು ಬಿದ್ದೆವೋ ಎದ್ದೆವೋ ಎಂದು ರಸ್ತೆಗೆ ಓಡಿದರು. ಬಕೆಟುಗಳೆಲ್ಲ ಮಗುಚಿ ಹಣ್ಣು ನೆಲದ ಪಾಲಾಯಿತು. ಅರ್ಧ ಗಂಟೆ ಕಾದರೂ ಆನೆಯೂ ಇಲ್ಲ, ಜೀಪೂ ಇಲ್ಲ. ಕೊನೆಗೆ ದೇವಕಿ ತನ್ನ ಚೀಲ ತಡಕಿ, ಮಗಳು ಐದು ಸಲ ಫೋನ್ ಮಾಡಿದ್ದಳೆಂದು ನಾಲಿಗೆ ಕಚ್ಚಿಕೊಂಡಳು. ಹೆಂಗಸರು ನಕ್ಕು ನಕ್ಕು ರಸ್ತೆಯಲ್ಲೇ ಕೂತರು. ಅದೇ ಹೊತ್ತಿಗೆ ಮ್ಯಾನೇಜರ್ ಬಂದರು. ಅವರಿಗೆ ನಗು ಬರಲಿಲ್ಲ.

“ಆನೆ ಯಾವುದು ಫೋನ್ ಯಾವುದು ಗೊತ್ತಾಗದಿದ್ರೆ ನೀವು ಎಂತಕ್ಕೆ ರೈಟ್ರೇ?” ಎಂದು ಎಲ್ಲರ ಎದುರಿಗೇ ಕೇಳಿದರು. ನನ್ನ ಮುಖ ಸುಟ್ಟ ಬದನೆಕಾಯಿಯಾಯಿತು.

ಸಂಜೆ ಎಂಟನೇ ಮನೆಯ ಜಗಲಿಗೆ ಹೋಗಿ ರಘುವಿಗೆ ಹೇಳಿದೆ, “ಆ ಕೂಗೊಂದನ್ನ ಹಾಡಿಂದ ತೆಗ್ದುಬಿಡೋ.”

“ಅದು ತೆಗ್ದ್ರೆ ಹಾಡಲ್ಲಿ ಎಂತ ಉಂಟು ರೈಟ್ರೇ?” ಎಂದ. ಬೆಂಗಳೂರಿನ ಒಂದು ಹಾಡಿನ ಕಂಪನಿಯವರು ಅವನಿಗೆ ಇನ್ನೂ ಐದು ಹಾಡಿಗೆ ಮಾತು ಕೊಟ್ಟಿದ್ದರು. ಕುಯ್ಲು ಮುಗಿಯುತ್ತಲೇ ಹೊರಡುವವನಿದ್ದ. “ಜನ ಎಲ್ಲಿ ಹೋದ್ರೂ ಅದನ್ನೇ ಕೇಳ್ತಾರೆ. ಶುರುವಲ್ಲೇ ಕೂಗು ಅಂತಾರೆ.”

ಒಳಗಿನಿಂದ ಸರೋಜ ಟೀ ತಂದಳು. “ಬೇರೆಯವರಿಗೆ ಗೊತ್ತಾಗಲ್ಲ ರೈಟ್ರೇ. ನಂಗೆ ಗೊತ್ತಾಗ್ತದೆ. ಹಾಡಲ್ಲಿ ಇವ ನಗ್ತಾ ಕೂಗ್ತಾನೆ, ಜೀಪಲ್ಲಿ ಹೆದರ್ಕೊಂಡು ಕೂಗ್ತಾನೆ.”

“ನಾನೆಲ್ಲಿ ಹೆದರ್ತೇನೆ ಅಮ್ಮ?”

“ನೀನು ಹೆದರ್ತೀ. ಅಮ್ಮ ಕೆಲಸಕ್ಕೆ ಹೋಗಿದ್ದಾಳೆ ಅಂತ ಹೆದರ್ತೀ,” ಎಂದಳು. ಟೀ ಕುಡಿದು ನಾನು ಎದ್ದು ಬಂದೆ.

ಇದಾಗಿ ಒಂಬತ್ತು ದಿನಕ್ಕೆ ನಾವು ಕೆರೆಯ ಕೆಳಗಿನ ಬ್ಲಾಕಿನಲ್ಲಿದ್ದೆವು. ಅದು ತಗ್ಗು ಜಾಗ, ಮೇಲೆ ದಟ್ಟ ಮರದ ನೆರಳು. ರಸ್ತೆಯಲ್ಲಿ ಮೈಕು ಕೂಗಿದರೆ ಅಲ್ಲಿಗೆ ಎರಡು ಸಾಲಿನಾಚೆಯ ಫೋನಿನಷ್ಟೇ ಕೇಳಿಸುತ್ತದೆ. ಸರೋಜ ನನ್ನ ಪಕ್ಕದ ಸಾಲಿನಲ್ಲಿದ್ದಳು. ಉಳಿದವರು ಆಚೆ ಚದುರಿದ್ದರು. ಹನ್ನೊಂದು ಗಂಟೆಯ ಬಿಸಿಲು. ಬೆಳಗಿನಿಂದ ಆ ಹಾಡನ್ನು ಏನಿಲ್ಲೆಂದರೂ ಹತ್ತು ಸಲ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಮತ್ತೆ ಸೈರನ್. ಮತ್ತೆ “ಕೇಳಿ ಕೇಳಿ ಕೇಳಿ”. ಹೆಂಗಸರು ತಲೆಯೆತ್ತಿ ನನ್ನ ಕಡೆ ನೋಡಿದರು.

“ಹಾಡು ಅದು! ಕೈ ನಿಲ್ಲಿಸ್ಬೇಡಿ!” ಎಂದು ಕೂಗಿದೆ. ದೂರದಲ್ಲಿ ಯಾರೋ ನಕ್ಕರು. ಕೈಗಳು ಮತ್ತೆ ಆಡತೊಡಗಿದವು.

ಸರೋಜ ಮಾತ್ರ ನಿಂತಿದ್ದಳು. “ಹಾಡಲ್ಲ ರೈಟ್ರೇ,” ಎಂದಳು, ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ. “ಮಗ ಕೂಗ್ತಿದ್ದಾನೆ.”

ನಾನು ಅವಳಿಗೆ ಕೊಟ್ಟ ಉತ್ತರವನ್ನು ಎಲ್ಲೂ ಬರೆದಿಲ್ಲ, ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುತ್ತೇನೆ. “ನಿನ್ನ ಮಗನಿಂದ ನಂಗೆ ಮರ್ಯಾದೆ ಹೋದದ್ದು ಸಾಕು. ಕುಯ್ಯಿ,” ಎಂದೆ.

ಅವಳು ಎಂದೂ ನನಗೆ ಎದುರಾಡಿದವಳಲ್ಲ. ಬಗ್ಗಿ ಕುಯ್ಯತೊಡಗಿದಳು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಕೆರೆಯ ಏರಿಯ ಕಡೆಯಿಂದ ಒಂಟಿ ಸಲಗ ಇಳಿದು ಬಂತು. ನಾನು ಓಡಿದೆ. ಎಲ್ಲರೂ ಓಡಿದರು. ಸರೋಜಳ ಸೊಂಟಕ್ಕೆ ಕಟ್ಟಿದ್ದ ಕುಯ್ಲಿನ ಚೀಲ ತುಂಬಿತ್ತು, ಅದು ಗಿಡಕ್ಕೆ ಸಿಕ್ಕಿಕೊಂಡಿತು. ಮುಂದಿನದನ್ನು ಬರೆಯಲಾರೆ. ಮೈಕು ಮಾತ್ರ ಮೇಲೆ ರಸ್ತೆಯಲ್ಲಿ ಕೂಗುತ್ತಲೇ ಇತ್ತು, ಕನ್ನಡದಲ್ಲಿ, ತಮಿಳಿನಲ್ಲಿ, ಮಲಯಾಳದಲ್ಲಿ.

ಸಾವಿನ ಮನೆಯಲ್ಲಿ ಹೆಂಗಸರು ಎದೆ ಬಡಿದುಕೊಂಡು ಒಂದೇ ಮಾತು ಹೇಳಿದರು. “ಹಾಡು ಅಂದ್ಕೊಂಡ್ವಿ ಕಣೋ ರಘು. ನಿನ್ನ ಹಾಡು ಅಂದ್ಕೊಂಡ್ವಿ.” ಅವರಲ್ಲಿ ಯಾರೂ ನನ್ನ ಹೆಸರೆತ್ತಲಿಲ್ಲ. ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು. ರಘು ಒಬ್ಬೊಬ್ಬರ ಮುಖವನ್ನೂ ನೋಡಿದ. ಕೊನೆಗೆ ನನ್ನನ್ನು ನೋಡಿದ. “ಅಮ್ಮನೂ ಹಂಗೇ ಅಂದ್ಕೊಂಡ್ಲಾ ರೈಟ್ರೇ?” ಎಂದ.

ನಾನು ತಲೆ ತಗ್ಗಿಸಿದೆ. ಅದನ್ನವನು ಹೌದೆಂದು ತಿಳಿದ. ತಿಳಿಯಲಿ ಎಂದೇ ನಾನು ತಗ್ಗಿಸಿದ್ದು. ಹೆದರಿದ್ದೆ. ಕೆಲಸ ಹೋದೀತು ಎಂದು ಹೆದರಿದ್ದೆ, ಅವನ ಕಣ್ಣಿಗೂ ಹೆದರಿದ್ದೆ.

ಎಸ್ಟೇಟಿನ ಲೈನಿನಲ್ಲಿ ಒಂದು ರೂಢಿಯಿದೆ. ಮನೆಯಿಂದ ಒಬ್ಬರಾದರೂ ಮಸ್ಟರಿಗೆ ಬರಬೇಕು, ಇಲ್ಲದಿದ್ದರೆ ಮನೆ ಬಿಡಬೇಕು. ಸುಮ ಪಿಯುಸಿ ಓದುತ್ತಿದ್ದಳು. ಹದಿಮೂರು ದಿನ ಕಳೆದ ಮೇಲೆ ರಘು ಬೆಂಗಳೂರಿಗೂ ಹೋಗಲಿಲ್ಲ, ಜೀಪನ್ನೂ ಹತ್ತಲಿಲ್ಲ. ಬಣ್ಣದ ಕೂದಲನ್ನು ಬೋಳಿಸಿದ ತಲೆಯಲ್ಲಿ ಬಂದು ಸಾಲಿನಲ್ಲಿ ನಿಂತ. ಸರೋಜಳ ಹೆಸರಿಗೆ ಗೆರೆ ಎಳೆದು ಅದೇ ಜಾಗದಲ್ಲಿ ಅವನ ಹೆಸರು ಬರೆದೆ. ಲಕ್ಷ್ಮಿ, ದೇವಕಿ, ಪಾಪಮ್ಮ, ರಘು. ಅವನು ‘ಇದ್ದೇನೆ’ ಎನ್ನಲಿಲ್ಲ, ಕೈಯೆತ್ತಿದ. ಬಾಯಿಬಿಟ್ಟು ಹೇಳಬೇಕೆಂಬ ನಿಯಮವನ್ನು ನಾನು ನೆನಪಿಸಲಿಲ್ಲ.

ಎರಡು ವರ್ಷ ಹಾಗೇ ಕೈಯೆತ್ತಿದ. ನೆರಳಿನ ಮರದ ಕೊಂಬೆ ಸವರಿದ, ಗುಂಡಿ ತೆಗೆದ, ಅಮ್ಮ ಕುಯ್ಯುತ್ತಿದ್ದ ಸಾಲಿನಲ್ಲೇ ಕುಯ್ದ. ಬಕೆಟ್ ಎದುರಿಗಿದ್ದರೂ ಅದರ ಮೇಲೆ ಬೆರಳಲ್ಲಿ ತಾಳ ಬಡಿಯುತ್ತಿರಲಿಲ್ಲ. ಬೆಂಗಳೂರಿನವರು ಮೊದಮೊದಲು ಅವನಿಗೆ ಫೋನ್ ಮಾಡಿದರು, ಆಮೇಲೆ ನನಗೆ ಮಾಡಿದರು, ಆಮೇಲೆ ಬಿಟ್ಟರು. ಹೆಂಗಸರು ತಮ್ಮ ತಮ್ಮ ಫೋನಿನಿಂದ ಹಾಡನ್ನು ತೆಗೆದುಹಾಕಿದರು. ಸಂತೆಯಲ್ಲೋ ಬಸ್ಸಿನಲ್ಲೋ ಯಾರದೋ ಫೋನಿನಲ್ಲಿ ಅದು ಮೊಳಗಿದರೆ ರಘು ಅಲ್ಲಿಂದ ಎದ್ದು ಹೋಗುತ್ತಿದ್ದ. ಒಮ್ಮೆ ಸುಂಟಿಕೊಪ್ಪದ ಹತ್ತಿರ ಬಸ್ಸಿನಿಂದ ನಡುದಾರಿಯಲ್ಲೇ ಇಳಿದು ನಡೆದದ್ದನ್ನು ನಾನೇ ಕಂಡಿದ್ದೇನೆ. ನಾನೂ ಅದೇ ಬಸ್ಸಿನಲ್ಲಿದ್ದೆ, ಇಳಿಯಲಿಲ್ಲ.

ಸುಮಳಿಗೆ ಮಂಗಳೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಅವಳನ್ನು ಹಾಸ್ಟೆಲಿಗೆ ಸೇರಿಸಿ ಬಂದ ಮರುದಿನ ರಘು ಮನೆಯ ಬೀಗದಕೈ ಕೊಡಲು ನನ್ನ ಮೇಜಿನ ಹತ್ತಿರ ಬಂದ. ಕೇರಳದ ಕಡೆ ಮರದ ಕೆಲಸಕ್ಕೆ ಹೋಗುತ್ತೇನೆ ಎಂದ. ಬೆನ್ನಿಗೊಂದು ಬ್ಯಾಗು. ಇಪ್ಪತ್ತನಾಲ್ಕರ ಹುಡುಗ ನನ್ನ ವಯಸ್ಸಿನವನ ಹಾಗೆ ಕಂಡ. ಅವನು ತಿರುಗಿ ಹೊರಟಾಗ ನನ್ನಿಂದ ತಡೆಯಲಾಗಲಿಲ್ಲ.

“ರಘು, ನಿಮ್ಮಮ್ಮ ಹಾಡು ಅಂದ್ಕೊಂಡಿರ್ಲಿಲ್ಲ. ಅವಳಿಗೆ ಗೊತ್ತಾಗಿತ್ತು. ಮಗ ಕೂಗ್ತಿದ್ದಾನೆ ಅಂದ್ಲು. ನಾನು ಬಿಡ್ಲಿಲ್ಲ. ನಾನು ಬೈದು ಕುಯ್ಯಿಸ್ದೆ.”

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

“ಗೊತ್ತಾಗಿತ್ತಾ?” ಎಂದ.

“ಹೂಂ. ಕೂಡ್ಲೇ.”

“ಮಗ ಕೂಗ್ತಿದ್ದಾನೆ ಅಂದ್ಲಾ?”

“ಅಂದ್ಲು.”

ಅವನ ಬಲಗೈ ನನ್ನ ಮೇಜಿನ ಮೇಲಿತ್ತು. ಬೆರಳುಗಳು ಒಮ್ಮೆ ಎದ್ದವು, ಹಾಗೇ ಕೂತವು. ಬೀಗದಕೈಯನ್ನು ನನ್ನ ಕಡೆ ಸರಿಸಿದ.

“ಇದೊಂದು ಮಾತು ಅವತ್ತೇ ಹೇಳಿದ್ರೆ ನಾನು ಹಾಡ್ತಿದ್ದೆ ರೈಟ್ರೇ,” ಎಂದ. ವಿರಾಜಪೇಟೆ ಬಸ್ಸು ಬರುವ ಹೊತ್ತಾಗಿತ್ತು, ಮೆಟ್ಟಿಲಿಳಿದು ಹೋದ.

ಅವನಿಂದ ಆಮೇಲೆ ನನಗೆ ಸುದ್ದಿಯಿಲ್ಲ. ಅಣ್ಣ ತಿಂಗಳಿಗೊಮ್ಮೆ ಫೋನ್ ಮಾಡುತ್ತಾನೆ, ಚೆನ್ನಾಗಿದ್ದೀಯಾ ಎಂದು ಕೇಳಿ ಇಟ್ಟುಬಿಡುತ್ತಾನೆ ಎಂದು ಸುಮ ಹೇಳಿದಳು. ಜೀಪಿನಲ್ಲಿ ಈಗ ಬೇರೆ ಯಾರದೋ ದನಿಯಿದೆ. ಸೈರನ್ ಕೇಳಿಸಿದರೆ ಸಾಕು, ಫೋನೋ ಜೀಪೋ ಎಂದು ನೋಡದೆ ವಿಸಿಲ್ ಊದುತ್ತೇನೆ. ಮ್ಯಾನೇಜರ್ ಏನು ಬೇಕಾದರೂ ಅನ್ನಲಿ.

ಬೆಳಗ್ಗೆ ಮಸ್ಟರಿನಲ್ಲಿ ಲಕ್ಷ್ಮಿ, ದೇವಕಿ, ಪಾಪಮ್ಮ ಎಂದು ಒಂದೇ ಉಸಿರಿಗೆ ಹೇಳಿ, ನಾಲ್ಕನೆಯದಕ್ಕೆ ಗಂಟಲು ಎತ್ತುತ್ತೇನೆ. ಪುಸ್ತಕದಲ್ಲಿ ಆ ಸಾಲು ಖಾಲಿಯಿದೆ. ಅಲ್ಲಿ ಬೇರೆ ಹೆಸರು ಬರೆಯಲು ನನಗೆ ಇನ್ನೂ ಕೈ ಬಂದಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತ ನಿಂತಿರುತ್ತಾರೆ, ನಾನು ಪುಟ ತಿರುವುತ್ತೇನೆ.