ಕಾಮಾಕ್ಷಿಯಮ್ಮ ಸ್ಕೋಪು ಆರಿಸಿದ್ದು

ನನ್ನ ಅತ್ತೆ ಕಾಮಾಕ್ಷಿಯಮ್ಮನಿಗೆ ತಪ್ಪು ಹುಡುಕುವುದೇ ಕಸುಬು. ಸೊಸೆ ಹೊಟ್ಟೆಯುರಿಗೆ ಹೇಳುವ ಮಾತಲ್ಲ ಇದು. ಸಿಂಗಾನಲ್ಲೂರಿನ ಮಿಲ್ಲೊಂದರಲ್ಲಿ ಮೂವತ್ತನಾಲ್ಕು ವರ್ಷ ಬಟ್ಟೆ ಚೆಕ್ಕಿಂಗ್ ಮಾಡಿದವರು. ಎಳೆ ತಪ್ಪಿದ ಒಂದೇ ಒಂದು ಪೀಸು ಅವರ ಮೇಜು ದಾಟಿದ್ದಿಲ್ಲ. ಕೆಲಸ ಬಿಟ್ಟ ಮೇಲೆ ಆ ಕಣ್ಣು ನನ್ನ ಸಾಂಬಾರಿನ ಮೇಲೆ ಬಿತ್ತು. ದೇವರು ದೊಡ್ಡವನು, ಬೇಗನೆ ಕೆರೆಯ ಹಕ್ಕಿಗಳ ಕಡೆ ತಿರುಗಿತು.

ಕೆರೆ ಏರಿಯ ಮೇಲೆ ಭಾನುವಾರ ಹಕ್ಕಿ ನೋಡುವ ಗುಂಪೊಂದು ಸೇರುತ್ತದೆ. ಅದರ ಯಜಮಾನ ಗೋಪಿನಾಥ್, ನಮ್ಮ ಕಡೆಯವನೇ, ಬ್ಯಾಂಕಿನಲ್ಲಿ ಕೆಲಸ; ಕಂಡ ಹಕ್ಕಿಯನ್ನೆಲ್ಲ ಎಂಟು ವರ್ಷದಿಂದ ಪುಸ್ತಕದಲ್ಲಿ ಬರೆದಿಡುತ್ತಾನೆ. ಅತ್ತೆ ಹಳೇ ಬೈನಾಕ್ಯುಲರ್‌ನಲ್ಲಿ ನೋಡಿ, ಒಂದು ಗೊರವ ಹಕ್ಕಿಯ ಕಾಲಲ್ಲಿ ಕೆಂಪು ಉಂಗುರ ಇದೆ ಎಂದರು. ದೂರದ ದೇಶದಲ್ಲಿ ಯಾರೋ ಹಿಡಿದು, ಗುರುತಿಗೆ ಉಂಗುರ ತೊಡಿಸಿ ಬಿಟ್ಟ ಹಕ್ಕಿ ಸಿಕ್ಕಿದರೆ ಕಂಡವರ ಹೆಸರು ದಾಖಲೆಗೆ ಹೋಗುತ್ತದೆ. ಗೋಪಿನಾಥ್ ಎಲ್ಲರೆದುರು ನಕ್ಕುಬಿಟ್ಟ.

"ಅಕ್ಕಾ, ನಿಮ್ಮ ಕಣ್ಣಿಗೆ ವಯಸ್ಸಾಯ್ತು."

ಅತ್ತೆಯ ಕಣ್ಣಿಗೆ! ನನಗೇ ಮೈ ಉರಿಯಿತು. ಅವರು ಮನೆಗೆ ಬಂದವರು ಚಪ್ಪಲಿ ಕೂಡ ಬಿಡಲಿಲ್ಲ. "ಕಾರ್ತಿಕಾ, ನಾಳೆ ಆರ್.ಎಸ್. ಪುರಂ ಪೇಟೆಗೆ ಹೋಗೋಣ ಕಣಮ್ಮಾ. ದೊಡ್ಡ ದುರ್ಬೀನು ಬೇಕು."

ಅಲ್ಲಿನ ದುರ್ಬೀನು ಅಂಗಡಿಯ ಸೆಂದಿಲ್‌ಕುಮಾರ್ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಸ್ಕೋಪು ಕೂರಿಸಿ, ಕಣ್ಣಿಡುವ ಕಡೆ ಹಾಕುವ ಎರಡು ಐಪೀಸು ತಂದಿಟ್ಟ. ಒಂದು ಅರವತ್ತು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಇನ್ನೊಂದು ಇಪ್ಪತ್ತೈದು. "ಅರವತ್ತೇ ತೊಗೊಳ್ಳಿ ಅಮ್ಮಾ, ಎಲ್ಲರೂ ಅದನ್ನೇ ಕೇಳೋದು" ಎಂದ.

ಅತ್ತೆ ಸ್ಕೋಪನ್ನು ಬಾಗಿಲಿಗೆ ಎಳೆಸಿ, ಎದುರಿನ ಸೀರೆ ಅಂಗಡಿಯ ಗಾಜಿನೊಳಗೆ ಬೊಂಬೆ ಉಟ್ಟಿದ್ದ ಸೀರೆಯ ಮೇಲೆ ಹಿಡಿದರು. ಅರವತ್ತರಲ್ಲಿ ಎಲ್ಲ ಮಬ್ಬು. ಬಸ್ಸು ಹೋದಾಗಲೆಲ್ಲ ಬೊಂಬೆ ಗಡಗಡ ನಡುಗಿತು. ಇಪ್ಪತ್ತೈದು ಹಾಕಿಸಿದರು. ತುಟಿ ಆಡಿಸುತ್ತಾ ಎಳೆ ಎಣಿಸತೊಡಗಿದರು. ಸೀರೆ ಅಂಗಡಿಯವನಿಗೆ ಏನು ಅನುಮಾನ ಬಂತೋ, ರಸ್ತೆ ದಾಟಿ ಓಡಿ ಬಂದ.

"ಏನಮ್ಮಾ, ಬೇಹು ನಡೆಸೋ ಹಾಗೆ ನಮ್ಮ ಅಂಗಡೀನೇ ನೋಡ್ತಿದ್ದೀರಿ?"

"ಸಾಮಿ, ನಿಮ್ಮ ಹಸಿರು ಸೀರೆ ಅಂಚಿನ ಹತ್ರ ಅಡ್ಡ ಹೊಕ್ಕಿನ ನೂಲು ಎರಡು ಕಡೆ ತಪ್ಪೈತೆ. ಹೋಗಿ ನೋಡಿ."

ಹೋಗಿ ನೋಡಿದ. ಬೊಂಬೆಯ ಸೆರಗು ತಿರುಗಿಸಿ, ತಪ್ಪನ್ನು ಒಳಮುಖ ಮಾಡಿದ. ನಾನು ನಕ್ಕು ನಕ್ಕು ಸುಸ್ತಾದೆ. ಅತ್ತೆ ಮಾತ್ರ, "ಇದೇ ಸರಿ" ಎಂದು ಇಪ್ಪತ್ತೈದನ್ನು ಕಟ್ಟಿಸಿದರು.

ಭಾನುವಾರ ಗೊರವಗಳು ಆಚೆ ದಡದ ಕೆಸರಿನಲ್ಲಿದ್ದವು. ಅತ್ತೆ ಆ ಹಕ್ಕಿಯನ್ನು ಸ್ಕೋಪಿನಲ್ಲಿ ಹಿಡಿದು, ಮೊದಲ ನೋಟ ಗೋಪಿನಾಥನಿಗೇ ಬಿಟ್ಟುಕೊಟ್ಟರು. ಅವನು ಒಂದೇ ಕಣ್ಣಲ್ಲಿ ನೋಡಿ ಕುಣಿದಾಡಿದ.

"ಉಂಗುರಾನೇ ಅಕ್ಕಾ! ಕೆಂಪು! ಮೇಲೆ ಅಕ್ಷರಾನೂ ಕಾಣ್ತದೆ! ಈಗಲೇ ನಿಮ್ಮ ಹೆಸರಲ್ಲಿ ಬರೀತೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ಕಣ್ಣಿಟ್ಟರು. ಒಂದು ನಿಮಿಷ, ಎರಡು ನಿಮಿಷ. ಹಕ್ಕಿ ಕಾಲೆತ್ತಿತು. ಅತ್ತೆಯ ಮುಖ ಇಳಿಯಿತು.

"ಬರೀಬೇಡ ತಮ್ಮಾ. ಉಂಗುರ ಅಲ್ಲ ಅದು. ನೂಲು ಸುತ್ಕೊಂಡಿದೆ, ತುದಿ ಗಾಳೀಲಿ ಆಡ್ತಾ ಐತೆ. ನಾನೇ ತಪ್ಪು ನೋಡಿದ್ದು."

"ಅತ್ತೆ!" ನಾನು ಅವರ ಕೈ ಚಿವುಟಿದೆ. "ಅವನೇ ಒಪ್ಪಿದ್ದಾನೆ. ಸುಮ್ಮನಿರಬಾರದಾ?"

"ತಪ್ಪು ಪೀಸು ನಂದಾದ್ರೆ ಪಾಸು ಮಾಡ್ಲಾ?"

ಕೈಗೆ ಬಂದ ಹೆಸರನ್ನು ತಾವೇ ಬಿಟ್ಟುಕೊಟ್ಟ ಆ ಮುದುಕಿಯನ್ನು ತಬ್ಬಿಕೊಳ್ಳಬೇಕೆನಿಸಿತು ನನಗೆ. ಗೋಪಿನಾಥ್ ಪಾಪ, ಪುಸ್ತಕ ಮಡಚಿ ಮೆಲ್ಲನೆ ಜಾರಿಕೊಳ್ಳಲು ನೋಡುತ್ತಿದ್ದ. ಅತ್ತೆ ಸೆರಗು ಸಿಕ್ಕಿಸಿಕೊಂಡು ಏರಿಯ ಕಲ್ಲಿನ ಮೇಲೆ ಕೂತರು.

"ಎಲ್ಲಿ ಹೊರಟೆ? ಇಲ್ಲದ ಉಂಗುರದ ಮೇಲೆ ಅಕ್ಷರ ಕಂಡವನು ನೀನು. ಬಾ ಕೂತ್ಕೋ. ಎಂಟು ವರ್ಷದಿಂದ ಏನೇನು ಬರ್ದಿದ್ದೀಯೋ ತೆಗಿ, ಮೊದಲನೇ ಪುಟದಿಂದ ನೋಡೋಣ."