ಖಾಲಿ ಕಾರ್ಯಾಲಯ ನುಂಗಿದ ಸದ್ದು

ಬರೀ ನನ್ನ ಕಿವಿಗೆ ಭಾಸವಾಗಿದ್ದರೆ ಇಷ್ಟೊತ್ತಿಗೆ ಮರೆತುಬಿಡುತ್ತಿದ್ದೆ. ಆದರೆ ಯಂತ್ರಕ್ಕೆ ಭಾಸವಾಗುವುದಿಲ್ಲ. ಆ ರಾತ್ರಿ ಅದು ತೋರಿಸಿದ ಅಂಕಿ ಇವತ್ತಿಗೂ ನನ್ನ ಲ್ಯಾಪ್‌ಟಾಪಿನಲ್ಲಿದೆ. ಅದಕ್ಕೇ ನಡೆದದ್ದನ್ನು ನಡೆದಂತೆ ಹೇಳುತ್ತಿದ್ದೇನೆ.

ಸಭಾಂಗಣ, ಆಫೀಸುಗಳಲ್ಲಿ ಮಾತು ಸ್ಪಷ್ಟವಾಗಿ ಕೇಳುವಂತೆ ಮಾಡುವುದು ನನ್ನ ವೃತ್ತಿ. ಯಾವ ಗೋಡೆಗೆ ಮೆತ್ತನೆಯ ಹಲಗೆ ಹಚ್ಚಬೇಕು, ಸ್ಪೀಕರ್ ಎತ್ತ ತಿರುಗಿಸಬೇಕು ಅಂತ ಅಳೆದು ಹೇಳುತ್ತೇನೆ. ಹೋದ ಚಳಿಗಾಲದಲ್ಲಿ ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಸಂಖ ಎಂಬ ಊರಿನಿಂದ ಗುರುಪಾದಪ್ಪ ಎಂಬ ವ್ಯಾಪಾರಿ ಫೋನ್ ಮಾಡಿದರು. ಊರ ಹೊರಗೆ ಹೊಸ ಮಂಗಲ ಕಾರ್ಯಾಲಯ, ಅಂದರೆ ಕಲ್ಯಾಣ ಮಂಟಪ, ಕಟ್ಟಿಸಿದ್ದರು.

"ಮೈಕ್ ಹಚ್ಚಿದ್ರ ಬರೇ ಗೊಂಯ್ ಅಂತೈತ್ರಿ ಮ್ಯಾಡಂ, ಒಂದ್ ಮಾತೂ ತಿಳಿಯಂಗಿಲ್ಲ. ಎಂಟು ದಿನಕ್ಕ ನಮ್ಮ ಮಗಳ ಲಗ್ನ ಐತಿ. ಇಲ್ಲಿ ಆಗೂ ಮೊದಲನೇ ಕಾರ್ಯ ಅದ... ಬೀಗರ ಮುಂದ ಮಾನ ಹೋಗ್ತೈತಿ. ಲಗೂನ ಬರ್ರಿ."

ಹಗಲೆಲ್ಲ ಅಲ್ಲಿ ಬಡಗಿಗಳ ಗದ್ದಲ. ಅವರು ಹೋದ ಮೇಲೆ, ರಾತ್ರಿ ಒಂಬತ್ತರ ಸುಮಾರಿಗೆ ಅಳತೆ ಶುರು ಮಾಡಿದೆ. ಜೊತೆಗಿದ್ದವರು ಕಾವಲುಗಾರ ರಾಯಪ್ಪ ಕಾಕಾ ಒಬ್ಬರೇ. ಪಕ್ಕದ ಊರು ದರಿಬಡಚಿಯವರು, ಬಹಳ ವರ್ಷ ಕುರಿ ಕಾಯ್ದವರು.

ತಗಡಿನ ಮಾಡು, ನುಣುಪು ಫರಸಿಯ ನೆಲ, ಮೂಗಿಗೆ ಬಡಿಯುವ ಹೊಸ ಪೇಂಟಿನ ವಾಸನೆ. ಒಳಗೆ ಒಂದು ಖುರ್ಚಿಯೂ ಇರಲಿಲ್ಲ.

ಅಳತೆ ಸರಳ. ಬಲೂನು ಒಡೆಯಬೇಕು, ಆ ಸದ್ದು ಪೂರ್ತಿ ಅಡಗಲು ಎಷ್ಟು ಹೊತ್ತಾಯಿತು ಅಂತ ಯಂತ್ರ ಹೇಳುತ್ತದೆ. ಮೊದಲು ವೇದಿಕೆಯ ಹತ್ತಿರ ಒಡೆದೆವು. ಢಂ! ಸದ್ದು ನಾಲ್ಕೂ ಗೋಡೆಗೆ ಬಡಿದು ಸುತ್ತಿ ಸುತ್ತಿ ಬಂತು. ನಾಲ್ಕೂವರೆ ಸೆಕೆಂಡು.

"ಗುಡ್ಡದಾಗ ನಿಂತು ಕೂಗಿದಂಗ ಆತಲ್ರಿ ಅಕ್ಕಾರ!" ಕಾಕಾ ನಕ್ಕರು.

ಆಮೇಲೆ ಉದ್ದ ವೈರಿನ ಮೈಕು ಹಿಡಿದು ಸಭಾಂಗಣದ ನಟ್ಟನಡುವೆ ಹೋದೆವು. ಕಾಕಾ ಎರಡನೇ ಬಲೂನಿಗೆ ಸೂಜಿ ಚುಚ್ಚಿದರು.

ಟಪ್.

ಅಷ್ಟೇ... ಹಾಸಿಗೆಯೊಳಗೆ ಒಡೆದಂತೆ. ಕಾಕಾ ಕೈಯಲ್ಲಿದ್ದ ರಬ್ಬರ್ ಚೂರನ್ನೇ ನೋಡುತ್ತ ನಿಂತರು. ವೇದಿಕೆಯ ಮೇಲಿದ್ದ ಲ್ಯಾಪ್‌ಟಾಪಿನ ಅಂಕಿ ದೂರದಿಂದಲೇ ಕಾಣುತ್ತಿತ್ತು, ಒಂದು ಸೆಕೆಂಡು. ವೈರು ಬಿಚ್ಚಿ ಮತ್ತೆ ಜೋಡಿಸಿ ಇನ್ನೊಂದು ಒಡೆಸಿದೆ. ಮತ್ತೆ ಒಂದೇ ಸೆಕೆಂಡು. ಚಪ್ಪಾಳೆ ತಟ್ಟಿದೆ. ಅಂಗೈ ಉರಿಯಿತು, ಸದ್ದು ಮಾತ್ರ ತಿರುಗಿ ಬರಲಿಲ್ಲ.

ಆ ಅಂಕಿಯ ಅರ್ಥ ನನಗೆ ಗೊತ್ತಿತ್ತು. ಮನುಷ್ಯರ ಮೈ, ಉಟ್ಟ ಬಟ್ಟೆ ಸದ್ದನ್ನು ಕುಡಿಯುತ್ತವೆ. ಅಷ್ಟು ದೊಡ್ಡ ಸಭಾಂಗಣದಲ್ಲಿ ಒಂದು ಸೆಕೆಂಡು ಬರಬೇಕಾದರೆ... ಅದು ಜನರಿಂದ ತುಂಬಿರಬೇಕು.

ಪೇಂಟಿನ ವಾಸನೆ ಯಾವಾಗ ಹೋಯಿತೋ ತಿಳಿಯಲಿಲ್ಲ. ಈಗ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಬೆವರು, ಟ್ರಂಕಿನಿಂದ ತೆಗೆದ ಸೀರೆಗಳ ನುಸಿಗುಳಿಗೆಯ ವಾಸನೆ. ಚಳಿಯಲ್ಲೂ ಸೆಕೆ.

"ಅಕ್ಕಾರ..." ಕಾಕಾ ಪಿಸುಗುಟ್ಟಿದರು. "ನಾವ್ಯಾಕ ಇಷ್ಟ್ ಸಣ್ಣ ದನೀಲೆ ಮಾತಾಡಾಕತ್ತೀವ್ರಿ?"

ಹೌದು... ಎಷ್ಟು ಹೊತ್ತಿನಿಂದಲೋ ಇಬ್ಬರೂ ಪಿಸುಗುಡುತ್ತಿದ್ದೆವು.

"ಸಾಕ್ ಕಾಕಾ. ಲ್ಯಾಪ್‌ಟಾಪ್ ತಗೊಂಡು ಹೋಗೂಣ ನಡೀರಿ."

ಲ್ಯಾಪ್‌ಟಾಪು ವೇದಿಕೆಯ ಮೇಲೆ ಇನ್ನೂ ರೆಕಾರ್ಡ್ ಮಾಡುತ್ತಲೇ ಇತ್ತು. ಅರ್ಧ ದಾರಿಗೆ ನನ್ನ ಗಮನಕ್ಕೆ ಬಂತು. ನಾನು ನೆಟ್ಟಗೆ ನಡೆಯುತ್ತಿರಲಿಲ್ಲ. ಕೂತವರ ಮೊಣಕಾಲಿಗೆ ತಾಗದಂತೆ ಮೈ ಅಡ್ಡ ತಿರುಗಿಸಿ, ಪಾದ ಎತ್ತಿ ಎತ್ತಿ ಇಡುತ್ತಿದ್ದೆ. ಮುಂದಿದ್ದ ಕಾಕಾ ಧೋತರದ ಚುಂಗು ಎತ್ತಿ ಹಿಡಿದು ಬಾಗಿ ನಡೆಯುತ್ತಿದ್ದರು.

"ಜರಾ ದಾರಿ ಬಿಡ್ರಿ..." ಎಂದರು.

"ಯಾರಿಗೆ ಹೇಳಿದ್ರಿ ಕಾಕಾ?"

ತಿರುಗಿದರು. "ನಾ ಏನ್ ಹೇಳೀನ್ರಿ?"

ಲ್ಯಾಪ್‌ಟಾಪು ಮುಚ್ಚಿ ಎದೆಗವಚಿಕೊಂಡೆ. ಮೈಕು, ವೈರು ಅಲ್ಲೇ ಬಿಟ್ಟೆ. ಗೋಡೆ ಹಿಡಿದುಕೊಂಡೇ ಬಾಗಿಲಿಗೆ ಬಂದೆವು. ಕಾಕಾ ಬಟನ್ನಿಗೆ ಕೈ ಹಾಕಿ ದೀಪ ಆರಿಸಿದರು.

ಆಗ ಕೇಳಿಸಿತು... ಇಡೀ ಸಭೆ ಒಮ್ಮೆಲೇ ನಮ್ಮತ್ತ ತಿರುಗಿ ನೋಡಿದಾಗ ಆಗುವ ಬಟ್ಟೆಗಳ ಸರಸರ.

ಕಾಕಾ ಬೀಗ ನನ್ನ ಕೈಗಿಟ್ಟು ಹೊರಗೆ ಇಳಿದುಬಿಟ್ಟರು. ನಾನೇ ಹಾಕಿದೆ.

ಮರುದಿನ ಹಗಲು ರೆಕಾರ್ಡಿಂಗ್ ಕೇಳಿದೆ. "ಜರಾ ದಾರಿ ಬಿಡ್ರಿ" ಎಂಬ ಕಾಕಾರ ಮಾತು ಸ್ಪಷ್ಟವಾಗಿತ್ತು. ಗುರುಪಾದಪ್ಪನವರಿಗೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಅವರ ಮನೆಯಂಗಳದಲ್ಲಿ ಮಗಳು ಬಳೆಗಾರನ ಮುಂದೆ ಕೈ ಚಾಚಿ ಕೂತು ನಗುತ್ತಿದ್ದಳು. ಬಾಯಿ ಮುಚ್ಚಿದೆ. ವೇದಿಕೆಯ ಬಳಿಯ ಅಂಕಿಯನ್ನಷ್ಟೇ ಬರೆದು ಹಲಗೆಯ ಲೆಕ್ಕ ಕೊಟ್ಟು ಊರು ಬಿಟ್ಟೆ. ನನ್ನ ಸಾಮಾನನ್ನು ಬಡಗಿಗಳೇ ತಂದುಕೊಟ್ಟರು. ರಾಯಪ್ಪ ಕಾಕಾ ಅವತ್ತೇ ಕೆಲಸ ಬಿಟ್ಟಿದ್ದರು.

ಲಗ್ನದ ಮರುದಿನ ಗುರುಪಾದಪ್ಪನವರ ಫೋನು ಬಂತು.

"ಭಾಳ ಚಲೋ ಆತ್ರಿ ಮ್ಯಾಡಂ, ಒಂದೊಂದ್ ಮಾತೂ ಬಿಡಿಬಿಡಿಯಾಗಿ ಕೇಳ್ತು." ಆಮೇಲೆ ದನಿ ಇಳಿಸಿದರು. "ಆದ್ರ... ನಡುವಿನ ಖುರ್ಚಿ ಅಷ್ಟೂ ಖಾಲಿ ಉಳದ್ವು ನೋಡ್ರಿ. ಮಂದಿ ಗ್ವಾಡಿ ಹಿಡದು ನಿಂತಿದ್ರು. ವಯಸ್ಸಾದವ್ರು, ಕೂಸಿನ ತಾಯಂದ್ರು ಸೈತ. ಕುಂದ್ರಿ ಅಂತ ಕೈ ಮುಗದ್ರ, 'ಜಾಗಾ ಎಲ್ಲೈತ್ರಿ?' ಅಂತ ನನ್ನ ಮಾರೀನ ನೋಡ್ತಿದ್ರು. ಮ್ಯಾಡಂ... ನೀವು ಅಳತಿ ಮಾಡುಮುಂದ ಏನರ ಆಗಿತ್ತೇನ್ರಿ?"

ಅವರ ಉಸಿರು ಕೂಡ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಹಲೋ... ಏನೂ ಕೇಳಸವಲ್ದ್ರಿ" ಅಂದು ಫೋನು ಇಟ್ಟುಬಿಟ್ಟೆ.

ಆಮೇಲೆ ಮೂರು ಸಲ ಮಾಡಿದ್ದಾರೆ. ನಾನು ಎತ್ತಿಲ್ಲ...