ನೀರಿನ ಸದ್ದಿಗೊಂದು ಹೆಸರು

ಮಾಮಿಯ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಗುಳಿ ಇತ್ತು. ಹುಣಿಸೆಬೀಜ ಇಟ್ಟರೆ ಅಲ್ಲಾಡದೆ ಕೂರುವಷ್ಟು ಆಳ. ಇಪ್ಪತ್ತು ವರ್ಷ ಕತ್ತರಿ ಹಿಡಿದು ಆದದ್ದು. ಮೊದಲ ಸಲ ನೋಡಿದಾಗ ನಾನು, ಟೈಲರಿಂಗ್ ಮಾಡುತ್ತಿದ್ದಿರಾ ಅಂತ ಕೇಳಿಬಿಟ್ಟೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಹೂಂ, ಟೈಲರೇ. ಬಟ್ಟೆ ಬದಲು ಜನರ ಮಾತು ಕತ್ತರಿಸ್ತಿದ್ದೆ," ಅಂದರು.

ಚೆನ್ನೈನ ಟಿ. ನಗರದಲ್ಲಿ, ಜವಳಿ ಅಂಗಡಿಗಳ ಸಾಲಿನ ಹಿಂದಿನ ಬೀದಿಯಲ್ಲಿ, ಒಂದು ಪುಟ್ಟ ಸಂಶೋಧನಾ ಕೇಂದ್ರವಿತ್ತು. ಮಾಮಿ ಅಲ್ಲಿಯ ಲೈಬ್ರರಿ ನೋಡಿಕೊಳ್ಳುತ್ತಿದ್ದರು. ಡೈರೆಕ್ಟರಿಂದ ವಾಚ್‌ಮನ್‌ವರೆಗೆ ಎಲ್ಲರಿಗೂ ಅವರು ಮಾಮಿಯೇ. ಸಂಶೋಧಕರು ಜನರನ್ನು ಮಾತಾಡಿಸಿ, ಟೇಪ್ ಮಾಡಿಕೊಂಡು, ಟೈಪ್ ಮಾಡಿಸಿ ತರುತ್ತಿದ್ದರು. ಆ ಹಾಳೆಗಳನ್ನು ಚೂರು ಚೂರು ಕತ್ತರಿಸಿ, ಸಂಬಳದ ಮಾತೆಲ್ಲ ಒಂದು ಕಡೆ, ಅತ್ತೆಮನೆಯ ಮಾತೆಲ್ಲ ಇನ್ನೊಂದು ಕಡೆ ಅಂತ ವಿಂಗಡಿಸುವ ಕೆಲಸ ಮಾಮಿಯದು. ಹಿಂದಿನ ವರಾಂಡದಲ್ಲಿ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ, ಚೀಟಿಗಳನ್ನು ಕ್ಲಿಪ್ಪು ಹಾಕಿ ನೇತು ಬಿಡುತ್ತಿದ್ದರಂತೆ. ಒಮ್ಮೆ ಹೊಸದಾಗಿ ಬಂದ ಡೈರೆಕ್ಟರೊಬ್ಬರು ಸೆಕೆ ಅಂತ ವರಾಂಡದ ಫ್ಯಾನ್ ಹಾಕಿದರು. ಹಗ್ಗದ ಮೇಲಿದ್ದವು ಉಳಿದವು, ನೆಲದ ಮೇಲೆ ರಾಶಿ ಹಾಕಿದ್ದ ಮೂರು ತಿಂಗಳ ಚೀಟಿಗಳು ಪಕ್ಕದ ಮನೆಯ ತುಳಸಿಕಟ್ಟೆಯವರೆಗೂ ಹಾರಿಹೋದವು. ಮಾಮಿ ಒಂದು ವಾರ ಆ ಡೈರೆಕ್ಟರ ಜೊತೆ ಮಾತು ಬಿಟ್ಟಿದ್ದರು.

ತೊಂಬತ್ತರ ದಶಕದ ಕೊನೆಗೆ ಕೇಂದ್ರಕ್ಕೆ ಒಂದು ಕಂಪ್ಯೂಟರ್ ಬಂತು. ಅದರ ಜೊತೆಗೇ, ಇದೇ ವಿಂಗಡಣೆಯ ಕೆಲಸ ಮಾಡುವ ತಂತ್ರಾಂಶವೂ ಬಂತು. ಗಂಡಸರೆಲ್ಲ ದೂರ ನಿಂತು ಅದನ್ನು ಹೊಗಳಿದರು, ಒಬ್ಬರೂ ಮುಟ್ಟಲಿಲ್ಲ. ಐವತ್ತಾರರ ಮಾಮಿ ಅದರ ಕೈಪಿಡಿಗೆ ಹಳೆಯ ಕ್ಯಾಲೆಂಡರ್ ಹಾಳೆಯಿಂದ ಬೈಂಡ್ ಹಾಕಿ, ದಿನಕ್ಕೆ ಎರಡು ಪುಟದಂತೆ ಓದಿ, ಮೂರು ತಿಂಗಳಲ್ಲಿ ಕಲಿತೇಬಿಟ್ಟರು. ಕಷ್ಟ ಆಗಲಿಲ್ಲವಾ ಮಾಮಿ ಅಂದರೆ, "ಏನು ಕಷ್ಟ? ಇದೂ ಅದೇ ಹಗ್ಗ, ಅದೇ ಕ್ಲಿಪ್ಪು. ಫ್ಯಾನ್ ಹಾಕಿದ್ರೆ ಹಾರಲ್ಲ, ಅಷ್ಟೆ," ಅನ್ನುತ್ತಿದ್ದರು.

ನಾನು ಅವರ ಕೈಗೆ ಸಿಕ್ಕಿದ್ದು ಅದಾದ ಒಂದೆರಡು ವರ್ಷಕ್ಕೆ. ಪಿಎಚ್‌ಡಿ ಮಾಡುತ್ತೇನೆ ಅಂತ ಮೈಸೂರಿನಿಂದ ಬಂದು ತಾಂಬರಂನ ಹಾಸ್ಟೆಲಿನಲ್ಲಿದ್ದೆ. ಅಲ್ಲಿಂದ ದಿನಾ ಎಲೆಕ್ಟ್ರಿಕ್ ಟ್ರೈನಿನಲ್ಲಿ ಮಾಂಬಲಂ, ಮಾಂಬಲಂನಿಂದ ನಡಿಗೆ. ಮಾಮಿಯ ಮನೆಯವರು ನಾಲ್ಕು ತಲೆಮಾರಿನಿಂದ ಟ್ರಿಪ್ಲಿಕೇನಿನಲ್ಲಿದ್ದ ವೈಷ್ಣವರು. ಮನೆಮಾತು ಕನ್ನಡ, ಆದರೆ ಅರ್ಧ ವಾಕ್ಯ ಹೋಗುವಷ್ಟರಲ್ಲಿ ತಮಿಳಿಗೆ ಹೊರಳುತ್ತಿತ್ತು. ಅವರ ಮೊಮ್ಮಕ್ಕಳಂತೂ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವರು. ಹಾಗಾಗಿ ನಾನು ಬಂದದ್ದು ಅವರಿಗೆ ಹಬ್ಬ. ಊಟವಾದ ಮೇಲೆ ಒಂದು ವೀಳ್ಯದೆಲೆ ಮಡಚಿ ಬಾಯಿಗಿಟ್ಟು, ಇಲ್ಲಿಯ ಎಲೆ ಚಪ್ಪಲಿ ಇದ್ದ ಹಾಗಿದೆ, ಎಲೆ ಅಂದರೆ ಮೈಸೂರಿನದು ಅಂತ ರಾಗ ಎಳೆಯುತ್ತಿದ್ದರು. ನಾನು ಊರಿಗೆ ಹೋದಾಗಲೆಲ್ಲ ಒಂದು ಕಟ್ಟು ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದೆ. ನಾನಿನ್ನೂ ಬಾಗಿಲಲ್ಲಿರುವಾಗಲೇ "ಚೀಲದಲ್ಲಿ ಏನಿದೆ?" ಅನ್ನುತ್ತಿದ್ದರು. ಅವರಿಗೆ ಎಲ್ಲರ ಚೀಲದ ಬಗ್ಗೆಯೂ ಕುತೂಹಲವೇ.

ಆ ಕುತೂಹಲವೇ ಅವರು ಕಲಿಸುವ ರೀತಿಯೂ ಆಗಿತ್ತು. ಸಂದರ್ಶನದ ಒಂದೊಂದು ತುಣುಕು ಮಾತಿಗೂ ನಾವು ಒಂದೊಂದು ಹೆಸರು ಕೊಡಬೇಕು. ಅದಕ್ಕೆ ಕೋಡ್ ಅನ್ನುತ್ತೇವೆ. ಕೋಡ್ ಕೊಟ್ಟ ಮೇಲೆ, ಬೇಕೆಂದಾಗ ಆ ಹೆಸರು ಒತ್ತಿದರೆ ಎಲ್ಲರ ಆ ಬಗೆಯ ಮಾತೂ ತೆರೆಯ ಮೇಲೆ ಒಟ್ಟಿಗೆ ಬರುತ್ತದೆ. ಮಾಮಿ ಮೊದಲ ತಿಂಗಳು ನನಗೆ ಮೌಸ್ ಮುಟ್ಟಲು ಬಿಡಲಿಲ್ಲ. ನಾನು ಮಾತಾಡಿಸಿದ ಅಂಗಡಿ ಹುಡುಗಿಯರ ಸಂದರ್ಶನಗಳನ್ನು ಗಟ್ಟಿಯಾಗಿ ಓದಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ಮಧ್ಯೆ ಮಧ್ಯೆ ಅವಳು ಹಾಗೆ ಯಾಕೆ ಅಂದಳು, ಆಗ ಮಳೆ ಬರುತ್ತಿತ್ತಾ, ಪಕ್ಕದಲ್ಲಿ ಯಾರಿದ್ದರು ಅಂತ ಪೀಡಿಸುತ್ತಿದ್ದರು. ನನಗೋ ತಾಳ್ಮೆ ಕಡಿಮೆ. ಇದಕ್ಕೂ ಥೀಸಿಸ್ಸಿಗೂ ಏನು ಸಂಬಂಧ ಅಂತ ಒಳಗೊಳಗೇ ಕುದಿಯುತ್ತಿದ್ದೆ.

ಕೊನೆಗೂ ಕಂಪ್ಯೂಟರ್ ಮುಂದೆ ಕೂತಾಗ ನಾನು ಕೊಟ್ಟ ಮೊದಲ ಕೋಡ್ 'ಔದ್ಯೋಗಿಕ ಒತ್ತಡ ನಿರ್ವಹಣೆ'. ಮಾಮಿ ಅದನ್ನು ಎರಡು ಸಲ ಓದಿದರು. "ಈ ಹೆಸರನ್ನ ಆ ಹುಡುಗಿಗೆ ಓದಿ ಹೇಳು. ಹೌದಕ್ಕಾ, ನಾ ಹೇಳಿದ್ದು ಇದೇ ಅಂತಾಳಾ?" ನಾನು ತೆರೆಯ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿದೆ. "ಅನ್ನಲ್ಲ ತಾನೆ? ಹಾಗಾದ್ರೆ ಅಳಿಸು ಕಣ್ಣಾ." ಅಳಿಸಿದೆ. ಅವತ್ತಿನಿಂದ ಕೋಡಿನ ಹೆಸರು ಸಾಧ್ಯವಾದಷ್ಟೂ ಮಾತಾಡಿದವರ ಮಾತಿನಲ್ಲೇ ಇರಬೇಕು ಅನ್ನುವುದು ನಮ್ಮಿಬ್ಬರ ನಿಯಮವಾಯಿತು.

ನನ್ನ ಥೀಸಿಸ್ ಇದ್ದದ್ದು ಟಿ. ನಗರದ ಜವಳಿ ಅಂಗಡಿಗಳ ಸೇಲ್ಸ್ ಹುಡುಗಿಯರ ಬಗ್ಗೆ. ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿವರೆಗೆ ಕೌಂಟರ್ ಹಿಂದೆ ನಿಂತೇ ಇರುವ ಕೆಲಸ, ಕೂರಲು ಸ್ಟೂಲೂ ಇಲ್ಲ. ವಾರದ ರಜೆಯ ಮಧ್ಯಾಹ್ನ ಅವರ ಬಾಡಿಗೆ ಕೋಣೆಗಳಿಗೆ ಹೋಗಿ ಇಪ್ಪತ್ತೆರಡು ಜನರನ್ನು ಮಾತಾಡಿಸಿದ್ದೆ. ಚಾಮರಾಜನಗರದ ಅಜ್ಜಿಮನೆಯಲ್ಲಿ ಕಲಿತ ತಮಿಳು ಸಾಕಾಗಿತ್ತು. ಆಗಿನ ತಂತ್ರಾಂಶಕ್ಕೆ ನಮ್ಮ ಲಿಪಿಗಳು ಬರುತ್ತಿರಲಿಲ್ಲ, ಕೋಡಿನ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕಿತ್ತು. ಹಾಗಾಗಿ ಟೇಪ್ ಕೇಳಿ ನಾನೇ ಇಂಗ್ಲಿಷಿನಲ್ಲಿ ಬರೆದು, ತಾಂಬರಂನ ಟೈಪಿಂಗ್ ಅಂಗಡಿಯಲ್ಲಿ ಟೈಪ್ ಮಾಡಿಸಿದೆ. ಅಷ್ಟರಲ್ಲಿ ನನ್ನ ಫೆಲೋಶಿಪ್ ಮುಗಿಯಲು ನಾಲ್ಕೇ ತಿಂಗಳಿತ್ತು. ಮುಖ್ಯ ಅಧ್ಯಾಯವನ್ನು ಮೂರು ವಾರದಲ್ಲಿ ನನ್ನ ಗೈಡಿಗೆ ಕೊಡಬೇಕಿತ್ತು.

ಕೊಡುವ ಮುಂಚೆ ಮಾಮಿಗೆ ತೋರಿಸಿದೆ. ದಿನವಿಡೀ ನಿಲ್ಲುವುದು ಈ ಹುಡುಗಿಯರ ಮುಖ್ಯ ದೂರಲ್ಲ, ಸಂಬಳ ಮತ್ತು ಮೇಲ್ವಿಚಾರಕರ ಬೈಗುಳವೇ ದೊಡ್ಡದು ಅಂತ ಅದರಲ್ಲಿ ಬರೆದಿದ್ದೆ. ಮಾಮಿ ಆ ಸಾಲಿನ ಮೇಲೆ ಬೆರಳಿಟ್ಟು, ಇದು ನಿಜವಾ ಅಂತ ಕೇಳಿದರು. ನಾನು ಜಂಬದಿಂದ ಕಾಲು ಅನ್ನುವ ಪದ ಹುಡುಕಿ ತೋರಿಸಿದೆ. ಇಪ್ಪತ್ತೆರಡು ಸಂದರ್ಶನಗಳಲ್ಲಿ ನಾಲ್ಕೇ ನಾಲ್ಕು ಕಡೆ ಬಂತು. ನೋಡಿ ಮಾಮಿ, ಕಂಪ್ಯೂಟರೇ ಹೇಳುತ್ತಿದೆ ಅಂದೆ.

"ಟೇಪ್ ತಾ," ಅಂದರು.

ಇಡೀ ಚೀಲ ತಂದು ಸುರಿದೆ. ಮಾಮಿ ಒಂದು ಕ್ಯಾಸೆಟ್ ಹಾಕಿ, ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿದರು. ಐದು ನಿಮಿಷ ಆಗಿರಬೇಕು. ಹೆಡ್‌ಫೋನ್ ತೆಗೆದು ನನ್ನ ಕಿವಿಗಿಟ್ಟು, ಇದೇನು ಸದ್ದು ಅಂದರು. ಬಕೆಟ್ಟಿಗೆ ನೀರು ಹುಯ್ಯುವ ಸದ್ದು. ಅಷ್ಟೇನಾ ಅಂದುಕೊಂಡು ಹೇಳಿದೆ: ರಜೆಯ ದಿನ ಆ ಹುಡುಗಿಯರು ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಳಿಬಿಟ್ಟು ಕೂರುತ್ತಾರೆ, ಹಾಗೆ ಕೂತುಕೊಂಡೇ ನನ್ನ ಜೊತೆ ಮಾತಾಡುತ್ತಿದ್ದರು, ಬರೆಯುವಾಗ ಅದೆಲ್ಲ ಗಲಾಟೆ ಅಂತ ಬಿಟ್ಟುಬಿಟ್ಟೆ.

"ಎಷ್ಟು ಜನ?"

ಗೊತ್ತಿರಲಿಲ್ಲ. ಕೂತು ಒಂದೊಂದೇ ಹಾಕಿ ಕೇಳಿದೆವು. ಇಪ್ಪತ್ತೆರಡರಲ್ಲಿ ಹದಿನೇಳರಲ್ಲಿ ನೀರಿತ್ತು. ಒಂದರಲ್ಲಂತೂ ಆ ಹುಡುಗಿ ಬಕೆಟ್ಟನ್ನು ನನ್ನ ಕಡೆ ಸರಿಸಿ, ನೀವೂ ಕಾಲಿಡಿ ಅಕ್ಕಾ, ನಡೆದು ಬಂದಿದ್ದೀರಿ ಅನ್ನುತ್ತಾಳೆ. ನಾನು ನಕ್ಕು, ಬೇಡ, ಸಂಬಳದ ವಿಷಯ ಹೇಳು ಅನ್ನುತ್ತೇನೆ. ನನ್ನ ದನಿಯನ್ನು ನಾನೇ ಕೇಳಿ ಮುಖ ಬಿಸಿಯಾಯಿತು.

"ಕಂಪ್ಯೂಟರ್‌ಗೆ ಕಾಲಿಲ್ಲ ಕಣ್ಣಾ. ನೋವು ಅಂದ್ರೇನು ಅಂತ ನೀ ಬರೆದು ಕೊಟ್ರೆ ತಾನೆ ಅದಕ್ಕೆ ಗೊತ್ತಾಗೋದು," ಅಂದರು ಮಾಮಿ. ಮೆತ್ತಗೇ ಅಂದರು. ಗದರಿದ್ದರೆ ಎಷ್ಟೋ ವಾಸಿಯಿತ್ತು.

ಎಲ್ಲವನ್ನೂ ಮತ್ತೆ ಕೇಳಿ, ಮತ್ತೆ ಬರೆಯಬೇಕು ಅಂತ ಅವರು ಹೇಳಲಿಲ್ಲ, ನನಗೇ ಗೊತ್ತಾಯಿತು. ಹಾಗೆ ಮಾಡಿದರೆ ಮೂರು ವಾರದ ಗಡುವು ತಪ್ಪುತ್ತದೆ. ಮಾಡದಿದ್ದರೆ ನಿಂತು ನಿಂತು ಕಾಲು ಊದಿಸಿಕೊಂಡವರ ಬಗ್ಗೆ, ಅವರಿಗೆ ನಿಲ್ಲುವುದು ತೊಂದರೆಯಲ್ಲ ಅಂತ ನನ್ನ ಹೆಸರಿನಲ್ಲಿ ಅಚ್ಚಾಗುತ್ತದೆ. ನಾಳೆ ಯಾವುದೋ ಅಂಗಡಿಯವರು ಅದನ್ನೇ ತೋರಿಸಿ ಸ್ಟೂಲು ಬೇಡ ಅಂದರೂ ಅಂದಾರು. ನನಗೆ ಸಿಟ್ಟು ಬಂತು, ಅಳುವೂ ಬಂತು. ನಿಮ್ಮ ಹತ್ತಿರ ತೋರಿಸಿದ್ದೇ ತಪ್ಪಾಯಿತು ಅಂದುಬಿಟ್ಟೆ. ಎರಡು ದಿನ ಕೇಂದ್ರದ ಕಡೆ ತಲೆ ಹಾಕಲಿಲ್ಲ.

ಮೂರನೆಯ ದಿನ ಹೋದಾಗ ಮಾಮಿ ಆಗಲೇ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಐದು ಟೇಪು ಮುಗಿಸಿದ್ದರು. ಎಲ್ಲಿ ನೀರು, ಎಲ್ಲಿ ಮಾತು ನಿಂತಿತು, ಎಲ್ಲಿ ಒಬ್ಬಳು ಅಮ್ಮಾ ಅಂತ ಮಂಡಿ ಮಡಚಿದಳು, ಎಲ್ಲವನ್ನೂ ಹಳೆಯ ಡೈರಿಯಲ್ಲಿ ಬರೆದಿದ್ದರು. ನನ್ನನ್ನು ನೋಡಿ, ಕಾಪಿ ಕುಡಿದು ಬಾ ಅಂದರು, ಅಷ್ಟೆ. ಅವರು ಕೇಳಿ ಹೇಳುವುದು, ನಾನು ಟೈಪ್ ಮಾಡುವುದು, ಹೀಗೆ ಎರಡೂವರೆ ತಿಂಗಳು ನಡೆಯಿತು. ಗೈಡು ಬೈದರು. ಫೆಲೋಶಿಪ್ ಮುಗಿದುಹೋಯಿತು, ಕೊನೆಯ ಆರು ತಿಂಗಳು ಅಪ್ಪನ ಮುಂದೆ ಕೈಚಾಚಿದೆ. ಆ ನೀರಿನ ಸದ್ದಿಗೆ ನಾವು ಕೊಟ್ಟ ಕೋಡ್ 'ನೀವೂ ಕಾಲಿಡಿ'. ಥೀಸಿಸ್ಸಿನಲ್ಲಿ ಇವತ್ತಿಗೂ ನಾನು ನಾಚಿಕೆಯಿಲ್ಲದೆ ಓದಬಲ್ಲ ಅಧ್ಯಾಯ ಅದೊಂದೇ.

ಆಮೇಲೆ ನಾನು ಮೈಸೂರಿನಲ್ಲಿ ಕಾಲೇಜು ಸೇರಿದೆ. ಮಾಮಿ ನಿವೃತ್ತರಾದರು, ಹಲ್ಲು ಕೀಳಿಸಿಕೊಂಡರು, ಎಲೆ ಹಾಕುವುದನ್ನು ಬಿಟ್ಟರು. ಒಂದು ಬೇಸಿಗೆ ರಜೆಯಲ್ಲಿ ನಾನು ಟ್ರಿಪ್ಲಿಕೇನಿನ ಅವರ ಮನೆಗೆ ಹೋಗಿ, ಕತ್ತರಿಯ ಕಾಲದಿಂದ ಕಂಪ್ಯೂಟರಿನ ಕಾಲಕ್ಕೆ ಬಂದ ಕಥೆಯನ್ನೆಲ್ಲ ಅವರ ಬಾಯಲ್ಲೇ ಟೇಪ್ ಮಾಡಿಕೊಂಡೆ. ವಿದ್ಯಾರ್ಥಿಗಳಿಗಾಗಿ ಒಂದು ಲೇಖನ ಬರೆಯುವ ಆಸೆಯಿತ್ತು. ಮೂರು ಕ್ಯಾಸೆಟ್ ತುಂಬಿತು. ಊರಿಗೆ ಬಂದವಳು ಬೀರುವಿನಲ್ಲಿಟ್ಟೆ. ಪರೀಕ್ಷೆ, ಮೌಲ್ಯಮಾಪನ, ಅದು ಇದು ಅಂತ ಕೇಳುವುದು ಮುಂದಕ್ಕೆ ಹೋಗುತ್ತಲೇ ಇತ್ತು.

ಅದಾದ ಮೇಲೆ ಎರಡು ಸಲ ಮಾಮಿಯನ್ನು ನೋಡಲು ಹೋಗಿದ್ದೆ. ಎರಡು ಸಲವೂ ಬಾಗಿಲಲ್ಲೇ, ಚೀಲದಲ್ಲಿ ಏನಿದೆ ಅಂದರು. ಮೊದಲ ಸಲ ಮೈಸೂರು ಪಾಕ್ ಇತ್ತು, ಎರಡನೆಯ ಸಲ ಬಿಸ್ಕತ್ತು. ಎರಡು ಸಲವೂ ಚೀಲದೊಳಗೆ ಇಣುಕಿ, "ಸರಿ, ಸರಿ," ಅಂತ ನಕ್ಕು ಒಳಗೆ ಕರೆದರು. ವಯಸ್ಸಾದ ಮೇಲೆ ಬಾಯಿಚಪಲ ಅಂತ ನಾನೂ ನಕ್ಕೆ. ಮೂರನೆಯ ಸಲ ಹೋಗುವ ಮುಂಚೆಯೇ ಮಾಮಿ ಹೋಗಿಬಿಟ್ಟರು. ಅವರ ಸೊಸೆ ಫೋನ್ ಮಾಡಿದಾಗ ಹದಿಮೂರನೆಯ ದಿನದ ಶುಭಸ್ವೀಕಾರವೂ ಮುಗಿದಿತ್ತು.

ಆ ವಾರ ಬೀರುವಿನಿಂದ ಕ್ಯಾಸೆಟ್ ತೆಗೆದೆ. ಮಾಮಿ ಕಲಿಸಿದಂತೆ ಸದ್ದುಗಳನ್ನೂ ಸೇರಿಸಿ ಎಲ್ಲವನ್ನೂ ಟೈಪ್ ಮಾಡುತ್ತಾ ಹೋದೆ: ಫ್ಯಾನಿನ ಕಿರುಗುಟ್ಟುವಿಕೆ, ಕುಕ್ಕರ್ ಕೂಗು, ಬೀದಿಯ ಹೂವಿನವಳು. ಎರಡನೆಯ ಕ್ಯಾಸೆಟ್ಟಿನ ಮಧ್ಯದಲ್ಲಿ ನಾನು ಫೋನ್ ಮಾಡಲು ಕೆಳಗಿನ ಅಂಗಡಿಗೆ ಇಳಿದುಹೋಗುತ್ತೇನೆ. ಟೇಪ್ ನಿಲ್ಲಿಸಲು ಮರೆತಿದ್ದೇನೆ. ಬರೀ ಫ್ಯಾನಿನ ಸದ್ದು. ಹಿಂದಿನ ನಾನಾಗಿದ್ದರೆ ಮುಂದಕ್ಕೆ ಓಡಿಸುತ್ತಿದ್ದೆ. ಬಿಟ್ಟೆ, ಓಡಲಿ ಅಂತ. ಆಮೇಲೆ ಕುರ್ಚಿ ಎಳೆದ ಸದ್ದು, ತೀರಾ ಹತ್ತಿರದಲ್ಲಿ ಮಾಮಿಯ ಉಸಿರು.

"ಕಣ್ಣಾ, ನೀ ಕೆಳಗೆ ಹೋಗಿದೀಯ, ಮಿಷಿನ್ ಓಡ್ತಾ ಇದೆ. ನೀ ಇದನ್ನೂ ಕೇಳ್ತೀಯೋ, ಮಾತಿರೋ ಕಡೆ ಮಾತ್ರ ಕೇಳ್ತೀಯೋ, ನೋಡೋಣ. ಕೇಳಿದ್ರೆ, ಮುಂದಿನ ಸಲ ಬರೋವಾಗ ಮೈಸೂರ್ ಎಲೆ ಒಂದು ಕಟ್ಟು ತಾ. ಹಲ್ಲಿಲ್ದಿದ್ರೆ ಪರವಾಯಿಲ್ಲ, ಕುಟ್ಟಿ ಹಾಕ್ಕೋತೀನಿ. ತರ್ಲಿಲ್ಲ ಅಂದ್ರೆ ನಂಗೆ ಗೊತ್ತಾಗ್ಬಿಡತ್ತೆ."

ಆಮೇಲೆ ಅವರ ನಗು. ಮೆಟ್ಟಿಲ ಮೇಲೆ ನನ್ನ ಚಪ್ಪಲಿಯ ಸದ್ದು. ಎಲ್ಲಿದ್ದೆವು ಮಾಮಿ ಅನ್ನುವ ನನ್ನ ದನಿ. ಏನೂ ಆಗಿಲ್ಲವೆಂಬಂತೆ, ಆ ಫ್ಯಾನ್ ಹಾಕಿದ ಡೈರೆಕ್ಟರ ಕಥೆ ಹೇಳುತ್ತಿದ್ದೆ ಅನ್ನುವ ಅವರ ದನಿ.

ಮೆಟ್ಟಿಲ ಸದ್ದನ್ನೂ ಬಿಡದೆ ಎಲ್ಲವನ್ನೂ ಟೈಪ್ ಮಾಡಿದೆ. ಎರಡು ವರ್ಷ ತಡವಾಗಿ ಮಾಡಿದೆ. ಈಗಿನ ತಂತ್ರಾಂಶಕ್ಕೆ ಕನ್ನಡವೂ ಬರುತ್ತದೆ. ಆ ತುಣುಕಿಗೆ ಕೋಡ್ ಕೊಡುವಾಗ ನಮ್ಮ ನಿಯಮವನ್ನು ಮೀರಲಿಲ್ಲ. ಹೇಳಿದವರ ಮಾತಿನಲ್ಲೇ ಹೆಸರಿಟ್ಟಿದ್ದೇನೆ: 'ಚೀಲದಲ್ಲಿ ಏನಿದೆ?'